ಹೈಕಮಾಂಡಿನ ಕಾಲ್ನಡಿಗೆ

ಬಾದಾಮಿಯ ಕೊನೆಯ ಮನೆಗಳು ಹಿಂದಾಗಿ ಬನಶಂಕರಿಯ ರಸ್ತೆ ನೆಟ್ಟಗಾಗುವಲ್ಲಿ ನೇತ್ರಾಳಿಗೆ ತನ್ನ ಮನೆಯವರ ಬೆನ್ನುಗಳು ಒಟ್ಟಿಗೆ ಕಂಡವು. ಆ ಬೆನ್ನುಗಳು ತನ್ನನ್ನು ನೆನೆದು ನಗುತ್ತಿವೆ ಎಂಬ ಗುಮಾನಿ ಬಂತು. ಬೆನ್ನು ಎಲ್ಲಾದರೂ ನಗುತ್ತದೆಯೇ ಎಂದು ತನ್ನನ್ನೇ ಗದರಿಕೊಂಡಳು. ಆದರೆ ಗಂಡ ಅಮರೇಶನ ಬೆನ್ನು, ಔಷಧಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೂತು ಜೋಳದ ಚೀಲದಂತೆ ಕೆಳಗೆ ಜಗ್ಗಿದ್ದು, ಅಲುಗಾಡುತ್ತಿದ್ದುದಂತೂ ಖರೆ. ಅದರ ಮಗ್ಗುಲಿಗೆ ಹನ್ನೊಂದರ ಮಗ ಸಿದ್ದಾರ್ಥನ ಬೆನ್ನು, ಅದೇ ಚೀಲದ ಮರಿ. ಇಬ್ಬರಿಗಿಂತ ನಾಲ್ಕು ಮಾರು ಮುಂದೆ ಅತ್ತೆ ಸಿದ್ದಲಿಂಗವ್ವನ ಬಾಗಿದ ಸಣ್ಣ ಬೆನ್ನು, ಎಪ್ಪತ್ತು ದಾಟಿದ್ದು, ಯಾರೋ ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಿರುವಂತೆ ಸರಸರ ಸರಿಯುತ್ತಿತ್ತು. ರವಿವಾರ ಬೆಳಿಗ್ಗೆ ಇಡೀ ಮನೆ ಬನಶಂಕರಿಗೆ ನಡೆದೇ ಹೋಗಬೇಕು ಎಂದು ಫರ್ಮಾನು ಹೊರಡಿಸಿದವಳು ನೇತ್ರಾ. ಈಗ ಎಲ್ಲರಿಗಿಂತ ಹಿಂದೆ ಬಿದ್ದವಳೂ ಅವಳೇ. ಸೀರೆಯ ಕೆಳಗೆ ತೊಟ್ಟ ಹೊಸ ಬಿಳಿ ಬೂಟು ಬಲಗಾಲಿನ ಹಿಮ್ಮಡವನ್ನು ಸಣ್ಣಗೆ, ಬಿಡದೆ, ಬಲ್ಲವರ ಮಾತಿನಂತೆ ಕಚ್ಚುತ್ತಿತ್ತು. ‘ನೀವು ಮುಂದ ನಡೀರಿ, ನಾ ಹಿಂದಿಂದ ನೋಡ್ಕೋತ ಬರ್ತೇನಿ, ಯಾರು ಕಳ್ಳಾಟ ಆಡ್ತೀರಿ ಗೊತ್ತಾಗ್ತೈತಿ’ ಎಂದು ಆಗಲೇ ಹೇಳಿಬಿಟ್ಟಿದ್ದಳು. ಹಿಂದೆ ಬೀಳುವುದಕ್ಕೆ ಅಷ್ಟು ಮರ್ಯಾದೆಯ ಕಾರಣ ಇನ್ನೊಂದು ಸಿಕ್ಕಿರಲಿಲ್ಲ.

ಎಲ್ಲ ಶುರುವಾದದ್ದು ಮಗನ ಸಾಲಿಯ ಪಾಲಕರ ಸಭೆಯಲ್ಲಿ. ಪೀಟಿ ಮಾಸ್ತರ ಗುರಲಿಂಗಪ್ಪ ಎದ್ದು ನಿಂತು, ಎಲ್ಲರ ಎದುರಿಗೆ, ಬೈಯುವ ದನಿಯಲ್ಲೂ ಅಲ್ಲ, ಲಗ್ನದ ಮಾತು ಆಡುವವರ ಹಾಗೆ ನಗುನಗುತ್ತ ಹೇಳಿದ್ದರು. ‘ಟೀಚರ್ರ, ನಿಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ. ಆದ್ರ ಪ್ರಾರ್ಥನಾ ಮುಗಿಯೂದ್ರಾಗ ಕುಂತಬಿಡ್ತಾನ್ರಿ. ಯಾಕೋ ಅಂತ ಕೇಳಿದ್ರ, ಕುಂತು ಹಾಡಿದ್ರ ದೇವರಿಗೆ ಕೇಳೂದಿಲ್ಲೇನ್ರಿ ಸರ್ ಅಂತ ನನ್ನss ಕೇಳ್ತಾನ್ರಿ.’ ಕೋಣೆಯೆಲ್ಲ ನಕ್ಕಿತು. ನೇತ್ರಾ ಕೂಡ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕಳು, ನಗುವಾಗ ಕುಪ್ಪಸದ ತೋಳು ಬಿಗಿದದ್ದು ತಿಳಿದು ತಟ್ಟನೆ ನಿಲ್ಲಿಸಿದಳು. ಮಗ್ಗುಲಲ್ಲಿ ಕೂತ ಒಬ್ಬ ಬಳುಕುವ ತಾಯಿ ಅವಳ ಭುಜದ ಮೇಲೆ ಕೈಯಿಟ್ಟು, ‘ನಮ್ಮ ಮನ್ಯಾಗ ಎಲ್ಲಾರೂ ಮುಂಜಾನೆದ್ದು ವಾಕಿಂಗ ಹೋಗ್ತೇವ್ರಿ, ಮಕ್ಳು ನೋಡಿ ಕಲೀತಾವ’ ಅಂದಳು. ಆ ಕೈಯ ಭಾರ ಇನ್ನೂ ಭುಜದ ಮೇಲಿದೆ. ತಾನು ಟೀಚರಾಗಿರುವ ಕುಳಗೇರಿ ಕ್ರಾಸಿನ ಸಾಲಿಯಲ್ಲಿ ಇದೇ ಮಾತನ್ನು ಇದೇ ದನಿಯಲ್ಲಿ ತಾನು ಎಷ್ಟು ತಾಯಂದಿರಿಗೆ ಹೇಳಿಲ್ಲ! ಆರೋಗ್ಯದ ಪಾಠ ಬಂದಾಗ ಖುರ್ಚಿಯಲ್ಲಿ ಕೂತೇ ಅಡಿಪಟ್ಟಿಯಿಂದ ‘ಕೈ ಮ್ಯಾಲ, ಕೈ ಕೆಳಗ’ ಮಾಡಿಸಿದ್ದಿಲ್ಲವೇ! ಪಟ್ಟಿ ಮಾತ್ರ ಎದ್ದು ಕೂತು ಮಾಡುತ್ತಿತ್ತು.

ಸಭೆಯಿಂದ ಬಂದವಳು ಟೀವಿಯ ರಿಮೋಟನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಸ್ಕೂಟಿಯ ಕೀಲಿಯನ್ನು ದೇವರ ಜಗಲಿಯ ಮೇಲೆ ಮೂರ್ತಿಗಳ ಹಿಂದಿಟ್ಟಳು, ಅಲ್ಲಿಗೆ ಗಂಡ ಕೈ ಹಾಕಲಾರ ಎಂದು. ಮನೆ ಬಂಡೇಳಲಿಲ್ಲ. ಅವರು ಎದುರಾಡಿದ್ದರೆ ತಾನೂ ಎದುರಾಡಬಹುದಿತ್ತು. ಎಲ್ಲರೂ ‘ಹೂಂ’ ಅಂದರು. ಅಮರೇಶ ‘ಹೂಂ’ ಅಂದು ಅವಳು ತಂದ ಸ್ಕಿಪ್ಪಿಂಗ್ ಹಗ್ಗವನ್ನು ಹಿತ್ತಲಲ್ಲಿ ಕಟ್ಟಿ ಟಾವೆಲ್ ಒಣಹಾಕಿದ. ಸಿದ್ದಾರ್ಥ ‘ಹೂಂ’ ಅಂದು ಚೆಂಡು ಹಿಡಿದು ಅಂಗಳಕ್ಕೆ ಹೋದ. ಅರ್ಧ ತಾಸಿನ ಮೇಲೆ ನೋಡಿದರೆ ಚೆಂಡಿನ ಮೇಲೆ ತಲೆಯಿಟ್ಟು ಮಲಗಿದ್ದ. ಸಿದ್ದಲಿಂಗವ್ವ ಮಾತ್ರ, ‘ನಮ್ಮ ಕಾಲಕ್ಕ ವ್ಯಾಯಾಮ ಅನ್ನೂದು ಇದ್ದಿಲ್ಲವಾ, ನೀರಿನ ಕೊಡಾ ಇತ್ತು’ ಅಂದಳು. ಅದು ಸೊಸೆಯ ಪರವೋ ವಿರುದ್ಧವೋ ಎಂದು ನೇತ್ರಾ ಎರಡು ದಿನ ವಿಚಾರ ಮಾಡಿದಳು. ಇವತ್ತು ಮುಂಜಾನೆ ಸಿದ್ದಾರ್ಥನಿಗೆ ಹೊಟ್ಟೆನೋವು ಬಂತು, ಅಮರೇಶನಿಗೆ ಅಂಗಡಿಯಲ್ಲಿ ಅಗದೀ ಅರ್ಜೆಂಟಿನ ಗಿರಾಕಿ ಬಂದ, ರವಿವಾರ ಅಂಗಡಿ ತೆರೆಯುವುದಿಲ್ಲವೆಂಬುದು ಮರೆತು. ಅತ್ತೆಯೇ ಮೊದಲು ಚಪ್ಪಲಿ ಮೆಟ್ಟಿದಳು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂಡುವ ಹೆಂಗಸರ ಬಳಿ ರೊಟ್ಟಿ, ಕೆಂಪ ಚಟ್ನಿ, ಗಡಿಗೆಯ ಮೊಸರು ಸಿಗುತ್ತದಲ್ಲ, ಅದರ ಮೇಲೆ ಅವಳ ಭಕ್ತಿ. ಹೊರಡುವಾಗ ನೇತ್ರಾ ಎಲ್ಲರ ಮೊಬೈಲು ಇಸಗೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ನ್ಯಾಯ ಅಂದರೆ ನ್ಯಾಯ ಎಂದು ತನ್ನದನ್ನೂ ಇಟ್ಟಳು.

ರಸ್ತೆ ತಿರುವಿನಲ್ಲಿ ಮೂರೂ ಬೆನ್ನುಗಳು ಮರೆಯಾದವು. ನೇತ್ರಾ ಮೋರಿಯ ಕಟ್ಟೆಯ ಮೇಲೆ ಕೂತಳು. ಕೂರಬೇಕೆಂದು ಕೂತದ್ದಲ್ಲ, ಬೂಟಿನ ಹಗ್ಗ ಸಡಿಲು ಮಾಡಲು ಬಗ್ಗಿದಾಗ ಕಟ್ಟೆ ತಾನಾಗಿ ಕೆಳಗೆ ಬಂತು. ಎರಡೂ ಬದಿ ಎದೆಮಟ್ಟ ಬೆಳೆದ ಜೋಳ, ಹಿಂದೆ ಕೆಂಪಗೆ ಕಾಯತೊಡಗಿದ ಗುಡ್ಡ. ಯಾರೂ ಕಾಣದ ಆ ಗಳಿಗೆಯಲ್ಲಿ ಎಂಥ ಸುಖವಿತ್ತೆಂದರೆ ಅವಳಿಗೆ ನಾಚಿಕೆಯಾಯಿತು, ಪ್ರಾರ್ಥನೆಯ ನಡುವೆ ಕೂತವನ ಸುಖವೂ ಇದೇ ಇರಬೇಕು ಎನಿಸಿತು. ಆಗ ಬಾದಾಮಿ ಕಡೆಯಿಂದ ಜನ ತುಂಬಿಕೊಂಡು ಬಂದ ಮೂರುಗಾಲಿಯ ಟಂಟಂ ಒಂದು ಎದುರಿಗೆ ನಿಂತಿತು. ತಾನು ಕೈ ಮಾಡಿರಲಿಲ್ಲ, ಇದನ್ನು ಅವಳು ಮನಸ್ಸಿನಲ್ಲಿ ಭದ್ರವಾಗಿ ಬರೆದುಕೊಂಡಳು. ಓಡಿಸುವವನು ಅಯೂಬ, ಅವರ ಅಂಗಡಿಯಿಂದಲೇ ತನ್ನ ತಾಯಿಗೆ ಔಷಧಿ ಒಯ್ಯುವವನು.

‘ಟೀಚರ್ರ, ಬನಶಂಕರಿಗೇನ್ರಿ? ಬರ್ರಿ, ಜಗಾ ಐತಿ.’

‘ಇಲ್ಲಪಾ, ನಾ ವಾಕಿಂಗ ಬಂದೇನಿ.’

‘ಕುಂತಗೊಂಡು ಮಾಡಾಕತ್ತೀರೇನ್ರಿ?’

ಒಳಗಿನವರು ನಕ್ಕರು. ಆ ನಗುವಿನಿಂದ ತಪ್ಪಿಸಿಕೊಳ್ಳಲು ಅವಳಿಗೆ ಕಂಡದ್ದು ಒಂದೇ ದಾರಿ, ಆ ನಗುವಿನೊಳಗೇ ಹೋಗಿ ಕೂಡುವುದು. ಉಳ್ಳಾಗಡ್ಡಿಯ ಚೀಲ ತೊಡೆಯ ಮೇಲಿಟ್ಟುಕೊಂಡ ದಪ್ಪನೆಯ ಹೆಂಗಸಿನ ಪಕ್ಕ ಒತ್ತಿ ಕೂತಳು. ಟಂಟಂ ಹೊರಟ ಮೇಲೆಯೇ ಹೊಳೆದದ್ದು: ಮುಂದೆ ಅವರಿದ್ದಾರೆ!

ಹೊಳೆಯುವುದಕ್ಕೂ ಅವರು ಕಾಣುವುದಕ್ಕೂ ಸರಿಹೋಯಿತು. ನೇತ್ರಾ ಸೆರಗನ್ನು ಮೂಗಿನ ಕೆಳತನಕ ಎಳೆದು ಉಳ್ಳಾಗಡ್ಡಿಯ ಚೀಲದ ಹಿಂದೆ ಬಗ್ಗಿದಳು. ಬಿಳಿ ಬೂಟುಗಳು ಇಡೀ ಬಾದಾಮಿಗೆ ಕಾಣುವಂತೆ ಹೊಳೆಯುತ್ತಿದ್ದವು, ಅವನ್ನು ಸೀಟಿನ ಅಡಿಗೆ ತುರುಕಿದಳು. ಮುಂದಕ್ಕೆ ಹೋಗಿಬಿಡು ಅಯೂಬ, ನಿನ್ನ ತಾಯಿಗೆ ಪುಣ್ಯ ಬರಲಿ ಎಂದು ಒಳಗೊಳಗೇ ಬೇಡಿದಳು. ಅಯೂಬ ಅವರ ಪಕ್ಕದಲ್ಲೇ ಗಕ್ಕನೆ ನಿಲ್ಲಿಸಿದ.

‘ಹತ್ರಿ ಅಣ್ಣಾರ! ಒಳಗ ನಿಮ್ಮವರ ಅದಾರ!’

‘ಎಲ್ಲಾರೂ ನಮ್ಮವರ ಬಿಡೋ ತಮ್ಮಾ’ ಅಂದ ಅಮರೇಶ, ಹಣೆಯ ಬೆವರು ಒರೆಸಿಕೊಳ್ಳುತ್ತ. ‘ಹತ್ತಾಕ ಮನಸೈತಿ. ಆದ್ರ ಹಿಂದ ಹೈಕಮಾಂಡ ಬರಾಕತ್ತೈತಿ.’

ಹೈಕಮಾಂಡ! ಇದು ಇವತ್ತು ಹುಟ್ಟಿದ ಹೆಸರಲ್ಲ. ಆ ಹೆಸರು ಅಷ್ಟು ಸಲೀಸಾಗಿ, ಬಳಸಿ ಬಳಸಿ ನುಣ್ಣಗಾದ ಒರಳುಗಲ್ಲಿನಂತೆ, ಅವನ ಬಾಯಿಂದ ಉರುಳಿತು. ಸೆರಗಿನ ಸಂದಿಯಿಂದ ನೇತ್ರಾ ನೋಡಿದಳು. ಸಿದ್ದಾರ್ಥ, ‘ಅಯೂಬಣ್ಣಾ, ಹೈಕಮಾಂಡ ಹೆಂಗ ಬರಾಕತ್ತೈತಿ ತೋರಿಸ್ಲೇನು?’ ಎಂದು ರಸ್ತೆಯ ನಡುವೆ ನಿಂತ. ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯ ಬೆರಳು ಗಾಳಿಯಲ್ಲಿ, ಬಲಗಾಲು ಎತ್ತಿ ಎತ್ತಿ ಇಡುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಂತು ‘ಉಸಿರು ಮೂಗಿನಾಗ ತಗೋರಿ, ಬಾಯಾಗ ಅಲ್ಲ!’ ಎಂದು ಅವಳದೇ ದನಿ ತೆಗೆದ. ಟಂಟಂ ತುಂಬ ನಗು. ಸಿದ್ದಲಿಂಗವ್ವ ನಗುತ್ತ ನಗುತ್ತ ಮೊಣಕಾಲ ಮೇಲೆ ಕೈಯೂರಿದಳು. ಮನೆಯಲ್ಲಿ ನೀರಿನ ತಂಬಿಗೆ ಎತ್ತಿಕೊಡಲು ಮೂರು ಸಲ ಕರೆಸಿಕೊಳ್ಳುವ ಹುಡುಗ ಕುಣಿಯುತ್ತ ಹಿಂದಕ್ಕೆ ಹೋದ, ಮುಂದಕ್ಕೆ ಬಂದ, ಬೆವರಿದ್ದ, ಕೆನ್ನೆ ಕೆಂಪಗಾಗಿತ್ತು. ಮೂವರೂ ಎಷ್ಟು ಚೆಂದ ಇದ್ದಾರೆ ಎನಿಸಿತು ಅವಳಿಗೆ. ತಾನಿಲ್ಲದಿದ್ದರೆ ಇವರು ನಡೆಯುತ್ತಾರೆ. ತಾನು ಎದುರಿದ್ದಾಗ ಮಾತ್ರ ಇವರು ಸಾಮಾನುಗಳಂತೆ ಕೂತುಬಿಡುತ್ತಾರೆಯೇ? ಪಕ್ಕದ ಹೆಂಗಸು ನಗುತ್ತ ಅವಳ ತೊಡೆ ತಟ್ಟಿ, ‘ಅಕಿ ಯಾರೋ ಏನೋ, ಭಾಳ ಕಾಟಾ ಕೊಡ್ತಿರಬೇಕು ನೋಡವಾ’ ಅಂದಳು. ‘ಹೂಂ’ ಅಂದಳು ನೇತ್ರಾ. ಮನೆಯಲ್ಲಿ ಎಲ್ಲರೂ ಅನ್ನುವ ‘ಹೂಂ’ ಅದೇ ಆಗಿತ್ತು.

ಮುಂದಿನ ತಿರುವು ದಾಟಿದ್ದೇ ಇಳಿದಳು. ಅಯೂಬ ಕನ್ನಡಿಯಲ್ಲಿ ನೋಡುತ್ತ, ‘ನಾ ಏನೂ ನೋಡಿಲ್ರಿ ಟೀಚರ್ರ’ ಎಂದು ಹೋದ. ಅಲ್ಲಿ ಹುಲ್ಲಪ್ಪನ ಕಬ್ಬಿನ ಹಾಲಿನ ಅಂಗಡಿ, ಚಪ್ಪರ, ಎದುರಿಗೆ ಒಂದು ಹಲಗೆ, ಹಿಂದೆ ಆಳೆತ್ತರ ಸಿಪ್ಪೆಯ ರಾಶಿ. ಈಗ ಲೆಕ್ಕ ಹೀಗಾಯಿತು: ಎಲ್ಲರ ಹಿಂದೆ ಇರಬೇಕಾದವಳು ಎಲ್ಲರ ಮುಂದೆ ಬಂದಿದ್ದಾಳೆ. ಅವರು ದಾಟಿಹೋಗುವತನಕ ಅಡಗಿದ್ದು, ಆಮೇಲೆ ಹಿಂದಿನಿಂದ ಏದುಸಿರು ಬಿಡುತ್ತ ಸೇರಿಕೊಂಡರೆ ಮುಗಿಯಿತು. ಹುಲ್ಲಪ್ಪನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಸಿಪ್ಪೆಯ ರಾಶಿಯ ಹಿಂದೆ ಹೋಗಿ ಕೂತಳು. ಅವನು ಏನೂ ಕೇಳದೆ, ಗಿರಾಕಿ ಎಲ್ಲಿ ಕೂತರೂ ಗಿರಾಕಿಯೇ ಎಂಬಂತೆ, ಒಂದು ಗ್ಲಾಸು ಹಾಲು ಅಲ್ಲಿಗೇ ತಂದುಕೊಟ್ಟ. ಜೇನುನೊಣಗಳು ಗುಂಯ್‌ಗುಟ್ಟುತ್ತಿದ್ದವು. ಸರ್ಕಾರಿ ಸಾಲಿಯ ಟೀಚರು, ಕೈಯಲ್ಲಿ ಕಬ್ಬಿನ ಹಾಲು, ಸಿಪ್ಪೆಯ ಹಿಂದೆ. ಈಗ ಆ ಬಳುಕುವ ತಾಯಿ ನೋಡಿದರೆ ಯಾವ ಭುಜದ ಮೇಲೆ ಕೈಯಿಡುವಳೋ.

ಅವರು ಬಂದರು. ದಾಟಿಹೋಗಲಿಲ್ಲ. ಹಲಗೆಯ ಮೇಲೆ ಕೂತರು.

‘ಹುಲ್ಲಪ್ಪಾ, ಮೂರು ಹಾಲು ಹಾಕಪಾ’ ಅಂದ ಅಮರೇಶ. ‘ಅಕಿ ಬರೂದ್ರಾಗ ಕುಡದು ಬಾಯಿ ಒರಿಸ್ಕೊಂಡಬಿಡೂಣು.’

ಗಾಣ ಗಿರಗುಟ್ಟಿತು. ಸಿಪ್ಪೆಯ ಹಿಂದೆ ನೇತ್ರಾ ಉಸಿರನ್ನು ಮೂಗಿನಲ್ಲೂ ಬಾಯಲ್ಲೂ ಬಿಗಿಹಿಡಿದಳು. ಹಾಲು ಬಂತು. ಅಮರೇಶ ಕುಡಿದ, ಅತ್ತೆ ಕುಡಿದಳು. ಸಿದ್ದಾರ್ಥನ ಗ್ಲಾಸು ಹಲಗೆಯ ಮೇಲೇ ಇತ್ತು.

‘ಮಮ್ಮಿ ಯಾಕ ಇನ್ನೂ ಬರವಲ್ಲಳು?’

‘ಬರ್ತಾಳ ತಗೋ. ಬೂಟು ಕಡಿಯಾಕತ್ತಿರಬೇಕು’ ಅಂದಳು ಸಿದ್ದಲಿಂಗವ್ವ. ‘ಮುಂಜಾನಿನ ಕುಂಟಾಕತ್ತಿದ್ಲು. ಹೇಳಿದ್ರ ಎಲ್ಲಿ ಸಣ್ಣಾಕಿ ಆಗ್ತೇನೋ ಅಂತ ಹೇಳ್ಲಿಲ್ಲ.’

ಅತ್ತೆ ನೋಡಿದ್ದಳು! ನೇತ್ರಾಳ ಕಣ್ಣು ಯಾಕೋ ಚುರುಗುಟ್ಟಿತು. ನೊಣ ಕಡಿದಿರಬೇಕು ಅಂದುಕೊಂಡಳು.

‘ಅಪ್ಪಾ, ಆ ಟಿಪ್ಪರ ನೋಡಿದೇನು? ಎಷ್ಟು ಜೋರ ಬಂತು’ ಅಂದ ಸಿದ್ದಾರ್ಥ.

‘ಏನಾಗೂದಿಲ್ಲೋ. ಕುಡಿ.’

‘ಫೋನರೆ ಹಚ್ಚು.’

‘ಎಲ್ಲಾ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾಳಲ್ಲೋ ನಿಮ್ಮವ್ವ.’

ಇನ್ನೊಂದು ಟಿಪ್ಪರು ಧೂಳೆಬ್ಬಿಸಿಕೊಂಡು ಹೋಯಿತು. ಸಿಪ್ಪೆಯ ಸಂದಿಯಿಂದ ನೇತ್ರಾಳಿಗೆ ಮಗನ ಮೊಣಕಾಲು ಕಂಡವು, ಅವು ಒಂದೇ ಸಮನೆ ಕುಣಿಯುತ್ತಿದ್ದವು. ಈಗ ಎದ್ದು ಹೊರಗೆ ಬಂದರಾಯಿತು, ಎರಡು ಹೆಜ್ಜೆಯ ಮಾತು. ಆದರೆ ಸಿಪ್ಪೆಯ ಹಿಂದಿನಿಂದ, ತಲೆಯಲ್ಲಿ ಕಬ್ಬಿನ ನಾರು, ಕೈಯಲ್ಲಿ ಗ್ಲಾಸು, ಹೊರಬರುವುದು ಹೇಗೆ? ಏನಂತ ಬರುವುದು? ಎಲ್ಲರಿಗೂ ನಡೆಯಿರಿ ಎಂದವಳ ಮುಖವನ್ನು ಯಾವ ಕಡೆ ತಿರುಗಿಸಿಟ್ಟುಕೊಂಡು? ಅವಳು ಈ ಲೆಕ್ಕದಲ್ಲಿರುವಾಗಲೇ ಆ ಮೊಣಕಾಲುಗಳು ನೆಟ್ಟಗಾದವು. ಸಿದ್ದಾರ್ಥ ಎದ್ದ. ಗ್ಲಾಸನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಾದಾಮಿಯ ಕಡೆ ಓಡತೊಡಗಿದ.

‘ಏ ಸಿದ್ದೂ! ನಿಂದ್ರಲೇ!’ ಎಂದು ಅಮರೇಶ ಅರ್ಧ ಎದ್ದ, ಮತ್ತೆ ಕೂತ. ‘ಓಡ್ಲಿ ಬಿಡವಾ. ಓಡ್ಸಾಕss ಅಲ್ಲೇನು ಇಷ್ಟೆಲ್ಲಾ.’

ಓಡುತ್ತಿದ್ದಾನೆ! ಪ್ರಾರ್ಥನೆಗೆ ನಿಲ್ಲಲಾರದವನು, ತನ್ನನ್ನು ಹುಡುಕಿಕೊಂಡು, ಟಿಪ್ಪರುಗಳು ಹಾಯುವ ರಸ್ತೆಯಲ್ಲಿ, ತಾನಿಲ್ಲದ ಕಡೆಗೆ ಓಡುತ್ತಿದ್ದಾನೆ. ನೇತ್ರಾ ಗ್ಲಾಸು ಎಸೆದು ರಾಶಿಯ ಹಿಂದಿನಿಂದಲೇ ಜೋಳದ ಹೊಲಕ್ಕೆ ಬಿದ್ದಳು. ಬದುವಿನ ಮೇಲೆ ಕುಂಟುತ್ತ ಎಡವುತ್ತ ಹೋಗಿ, ಅಂಗಡಿ ಕಾಣದ ಜಾಗದಲ್ಲಿ ರಸ್ತೆಗೆ ಏರಿದಳು. ಜೋಳದ ಗರಿ ಕೆನ್ನೆ ಕೊಯ್ದಿತ್ತು, ನಿರಿಗೆ ಅರ್ಧ ಕೈಯಲ್ಲಿ ಅರ್ಧ ಬೂಟಿನಡಿ. ‘ಸಿದ್ದೂ’ ಎಂದು ಕೂಗಿದರೆ ಬಾಯಿಂದ ಗಾಳಿ ಮಾತ್ರ ಬಂತು. ದೂರದಲ್ಲಿ ಆ ದುಂಡು ಬೆನ್ನು ಸಣ್ಣದಾಗುತ್ತಿತ್ತು. ಮೊಣಕೈ ಎರಡೂ ಹೊರಗೆ ಚಾಚಿಕೊಂಡು, ಕುತ್ತಿಗೆ ಮುಂದೆ ಮಾಡಿಕೊಂಡು ಓಡುತ್ತಿದ್ದ, ಹಗ್ಗ ಹರಿದುಕೊಂಡ ಕರುವಿನ ಹಾಗೆ. ಇವನಿಗೆ ಓಡಲು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತನಗೆ ಬರುತ್ತದೆಂದೂ ಗೊತ್ತಿರಲಿಲ್ಲ. ಎದೆಯಲ್ಲಿ ಯಾರೋ ಒನಕೆ ಹಾಕುತ್ತಿದ್ದರು, ಪಕ್ಕೆಯಲ್ಲಿ ಚಳಕು, ಹಿಮ್ಮಡ ಉರಿದು ಉರಿದು ಕಡೆಗೆ ತನ್ನದೇ ಅಲ್ಲವೆಂಬಂತಾಯಿತು.

ಅವಳು ಕೂತಿದ್ದ ಆ ಮೋರಿಯ ಹತ್ತಿರ ಹುಡುಗ ನಿಂತಿದ್ದ. ಆಚೆ ಈಚೆ ನೋಡಿದ. ಹೊಲದ ಕಡೆ ನೋಡಿದ. ಆಮೇಲೆ ಕಟ್ಟೆಯ ಮೇಲೆ ಬೋರಲು ಮಲಗಿ, ತಲೆ ಕೆಳಗೆ ಮಾಡಿ, ಮೋರಿಯ ಒಳಗೆ ಇಣುಕಿ, ‘ಮಮ್ಮೀ’ ಅಂದ. ಮೋರಿ ಆ ಮಾತನ್ನು ಉಬ್ಬಿಸಿ ರಸ್ತೆಯ ಆಚೆ ಬದಿಯಿಂದ ಹೊರಗೆ ಬಿಟ್ಟಿತು. ಮೂರು ವರ್ಷದವನಿದ್ದಾಗ ಜ್ವರದಲ್ಲಿ ಕರೆದ ದನಿ ಅದು. ನೇತ್ರಾ ಅಲ್ಲೇ ನಿಂತುಬಿಟ್ಟಳು. ಇಲ್ಲೇ ಅದೇನಿ ಅನ್ನಲೂ ಉಸಿರಿಲ್ಲ.

ಹುಡುಗ ಎದ್ದು ತಿರುಗಿದ. ನೋಡಿದ. ಮೊದಲು ಮುಖವೆಲ್ಲ ಬಿಚ್ಚಿಕೊಂಡಿತು, ಮರುಗಳಿಗೆಗೆ ಗಂಟಾಯಿತು.

‘ಆ ಕಡಿಂದ ಹೆಂಗ ಬಂದಿ?’

ಸುಳ್ಳುಗಳು ಸಾಲಿಯ ಮಕ್ಕಳ ಹಾಗೆ ಒಂದರ ಹಿಂದೊಂದು ಕೈಯೆತ್ತಿದವು: ಒಳದಾರಿಯಿಂದ ಬಂದೆ, ನಿಮ್ಮನ್ನು ಪರೀಕ್ಷೆ ಮಾಡಿದೆ, ನೀರು ಕುಡಿಯಲು ಹೊಲಕ್ಕಿಳಿದಿದ್ದೆ. ಅವಳು ಯಾರನ್ನೂ ಎಬ್ಬಿಸಲಿಲ್ಲ.

‘ಟಂಟಂದಾಗ’ ಅಂದಳು.

ಸಿದ್ದಾರ್ಥ ಬಂದು ಅವಳ ತೋಳಿಗೆ ಒಂದು ಗುದ್ದಿದ. ಇನ್ನೊಂದು ಗುದ್ದಿದ. ಮೂರನೆಯದಕ್ಕೆ ಅಳು ಬಂದು ಸೆರಗಿನಲ್ಲಿ ಮುಖ ತೂರಿಸಿದ. ಅವನ ಬೆನ್ನು ನಡುಗುತ್ತಿತ್ತು, ಒದ್ದೆಯಾಗಿತ್ತು, ಬಿಸಿಯಾಗಿತ್ತು. ಅವಳು ಅದರ ಮೇಲೆ ಕೈಯಿಟ್ಟಳು, ಭಾರ ಹಾಕದೆ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನೊಳಗಿನಿಂದ ದನಿ ಬಂತು.

‘ಉಳ್ಳಾಗಡ್ಡಿ ಚೀಲದ ಹಿಂದ ಮುಖಾ ಮುಚ್ಕೊಂಡಾಕಿ ನೀನೇನು?’

‘ಹೂಂ.’

‘ನಾ ನಿನ್ನಂಗ ನಡದದ್ದು ನೋಡಿದೇನು?’

‘ನೋಡಿದೆ.’

‘ಹೆಂಗಿತ್ತು?’

‘ಸೊಂಟಾ ಸ್ವಲ್ಪ ಜಾಸ್ತಿ ಆತು.’

ಬೆನ್ನು ಮತ್ತೆ ನಡುಗಿತು, ಈ ಸಲ ನಗುವಿಗೆ. ಮೂಗು ಒರೆಸಿಕೊಂಡು ಅವನು ತಲೆಯೆತ್ತಿದಾಗ ಕಣ್ಣಲ್ಲಿ ಒಂದು ಹೊಸ ಬೆಳಕಿತ್ತು. ನೇತ್ರಾಳಿಗೆ ಅದರ ಅರ್ಥ ತಿಳಿಯಿತು. ಇನ್ನು ಮೊಬೈಲು, ರಿಮೋಟು, ರವಿವಾರದ ನಡಿಗೆ, ಎಲ್ಲ ತನ್ನ ಕೈತಪ್ಪಿದವು ಎಂದುಕೊಂಡಳು.

‘ಅಪ್ಪಗ ಹೇಳೂದಿಲ್ಲ. ಆಯಿಗೂ ಹೇಳೂದಿಲ್ಲ’ ಅಂದ ಸಿದ್ದಾರ್ಥ. ‘ಆದ್ರ ನನಗೊಂದು ಬೇಕು.’

‘ಏನು?’

‘ನೀ ಓಡಿದ್ದು ನಾ ನೋಡೇ ಇಲ್ಲ. ನನ್ನ ಹಿಂದ ಓಡಿ ಬಂದಿ. ಹುಲ್ಲಪ್ಪಣ್ಣನ ಅಂಗಡಿತನಕ ನನ್ನ ಮುಂದ ಓಡು. ನಾ ನೋಡ್ಬೇಕು.’

ಅವಳು ರಸ್ತೆಯನ್ನು ನೋಡಿದಳು. ಬೆಳಕು ಪೂರಾ ಹರಡಿತ್ತು. ಗುಡಿಗೆ ಹೋಗುವ ಬೈಕುಗಳು, ಟಂಟಂಗಳು ಒಂದರ ಹಿಂದೊಂದು ಬರತೊಡಗಿದ್ದವು. ಯಾವುದರಲ್ಲಾದರೂ ತನ್ನ ಸಾಲಿಯ ಪಾಲಕರು ಇದ್ದೇ ಇರುತ್ತಾರೆ. ಸೀರೆ ಉಟ್ಟ ಟೀಚರು ನಡುರಸ್ತೆಯಲ್ಲಿ ಓಡಿದಳಂತೆ ಎಂಬ ಸುದ್ದಿ ನಾಳೆ ಘಂಟೆಯ ಮೊದಲೇ ಕುಳಗೇರಿ ಕ್ರಾಸ್ ಮುಟ್ಟುತ್ತದೆ. ‘ಬ್ಯಾರೆ ಏನರೆ ಕೇಳೋ’ ಅಂದಳು. ಹುಡುಗ ತಲೆಯಲ್ಲಾಡಿಸಿದ. ನೇತ್ರಾ ಬಗ್ಗಿ ಬೂಟು ಬಿಚ್ಚಿ ಅವನ ಕೈಗೆ ಕೊಟ್ಟಳು. ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೆರಗು ಸುತ್ತಿ ಕಟ್ಟಿದಳು. ಬರಿಗಾಲಿಗೆ ರಸ್ತೆಯಂಚಿನ ಮಣ್ಣು ತಣ್ಣಗೆ ತಾಗಿತು. ಓಡಿದಳು.

ಮೊದಲ ಬೈಕು ಹಾಯ್ದುಹೋದಾಗ ಮುಖ ಕೆಳಗೆ ಹಾಕಿದಳು. ಎರಡನೆಯದಕ್ಕೆ ಹಾಕಲು ಮರೆತಳು. ಹಿಂದೆ ಸಿದ್ದಾರ್ಥ ಎರಡೂ ಕೈಯಲ್ಲಿ ಬೂಟು ಬಡಿಯುತ್ತ, ‘ಜೋರ ಮಮ್ಮಿ, ಇನ್ನೂ ಜೋರ!’ ಎಂದು ಅರಚುತ್ತ ಬೆನ್ನ ಹತ್ತಿದ್ದ. ಟಂಟಂ ಒಂದರಿಂದ ಯಾರೋ ಸಿಳ್ಳೆ ಹಾಕಿದರು, ಹೆಂಗಸರು ತಲೆ ಹೊರಗೆ ಹಾಕಿ ‘ಅಯ್ಯ, ಇಕಿನ್ನ ನೋಡವಾ’ ಅಂದರು. ಅವಳ ಹೊಟ್ಟೆಯಿಂದ ನಗು ಉಕ್ಕಿ ಬಂತು, ತಡೆಯಲು ನೋಡಿದರೆ ಕಾಲು ತಪ್ಪುತ್ತಿತ್ತು, ಬಿಟ್ಟರೆ ಉಸಿರು ತಪ್ಪುತ್ತಿತ್ತು, ಬಿಟ್ಟೇಬಿಟ್ಟಳು.

ಅಂಗಡಿಯ ಹಲಗೆಯಿಂದ ಇಬ್ಬರು ಧಡ್ಡನೆ ಎದ್ದದ್ದು ಕಂಡಿತು. ಸೊಸೆ ಬರಿಗಾಲಲ್ಲಿ, ಕೂದಲು ಬಿಚ್ಚಿಕೊಂಡು, ಕೆನ್ನೆಯ ಮೇಲೆ ಗೀರು, ಬಾಯಿ ತೆರೆದುಕೊಂಡು ಓಡಿಬರುತ್ತಿದ್ದಾಳೆ, ಹಿಂದೆ ಮೊಮ್ಮಗ ಅರಚುತ್ತಿದ್ದಾನೆ.

‘ಅಮರ್ಯಾ! ಹುಚ್ಚನಾಯಿ ಬೆನ್ನ ಹತ್ತೈತೋ!’ ಎಂದು ಸಿದ್ದಲಿಂಗವ್ವ ಎಡಗಾಲಿನ ಚಪ್ಪಲಿ ಕಳಚಿ ಕೈಗೆ ತಗೊಂಡವಳೇ ಎದುರಿಗೆ ಓಡಿಬಂದಳು. ಅವಳ ಹಿಂದೆ ಅಮರೇಶ, ಹುಲ್ಲಪ್ಪನ ಕಟ್ಟಿನಿಂದ ಒಂದು ಉದ್ದನೆಯ ಕಬ್ಬು ಹಿರಿದುಕೊಂಡು, ಹೊಟ್ಟೆ ಒಂದು ಕಡೆ ತಾನೊಂದು ಕಡೆ ಆಗಿ, ಲಗ್ನವಾದಾಗಿನಿಂದ ಅವಳು ಕಂಡಿರದ ವೇಗದಲ್ಲಿ ಬಂದ. ಹುಲ್ಲಪ್ಪ ಗಾಣ ನಿಲ್ಲಿಸಿ ರಸ್ತೆಗೆ ಬಂದು ನಿಂತ.

‘ಎಲ್ಲೈತಿ? ಎಲ್ಲೈತಿ ಅದು?’ ಎಂದು ಅತ್ತೆ ಅವಳ ರಟ್ಟೆ ಹಿಡಿದಳು. ನೇತ್ರಾಳಿಗೆ ಹೇಳಲು ಉಸಿರಿಲ್ಲ. ತಿರುಗಿ ನೋಡಿದಳು. ರಸ್ತೆಯಲ್ಲಿ ನಾಯಿ ಇಲ್ಲ, ನರಿ ಇಲ್ಲ, ಎರಡು ಬಿಳಿ ಬೂಟು ಹಿಡಿದುಕೊಂಡ ಸಿದ್ದಾರ್ಥ ಇದ್ದ, ಅವನ ಮುಖ ಗಂಭೀರವಾಗಿತ್ತು.

‘ಆಯಿ, ನಿಂದ್ರಬ್ಯಾಡ!’ ಅಂದ ಅವನು ಅಜ್ಜಿಗೆ, ಹಿಂದೆ ಬೆರಳು ಮಾಡಿ. ‘ಜ್ವಾಳದಾಗ ಹೊಕ್ಕೈತಿ! ಗುಡಿ ಕಡೆ ಓಡ್ರಿ!’

ಅಮರೇಶ ಹೆಂಡತಿಯ ಮುಖ ನೋಡಿದ. ಅವಳ ಮುಖದಲ್ಲಿ ಏನು ಕಂಡನೋ, ಕಬ್ಬನ್ನು ಹೆಗಲಿಗೇರಿಸಿ, ಏನೂ ಕೇಳದೆ ಅವಳ ಕೈ ಹಿಡಿದು ಎಳೆದ. ಸಿದ್ದಲಿಂಗವ್ವ ಯಾರಿಗೂ ಕಾಯಲಿಲ್ಲ. ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ, ಸೆರಗು ಗಾಳಿಗೆ ಬಿಟ್ಟು, ಆಗಲೇ ಮುಂದಿನ ತಿರುವು ಮುಟ್ಟಿದ್ದಳು.